ಗಣಿಯ ಕಂಬ ಮತ್ತು ಗೋಡೆಯ ಬಿರುಕು

ಮುಚ್ಚಿಹೋದ ಗಣಿಯೊಂದರ ಸುರಂಗದಲ್ಲಿ ಮರದ ಕಂಬವೊಂದು ನೆಲವನ್ನು ತಲೆಯ ಮೇಲೆ ಹೊತ್ತು ನಿಂತಿತ್ತು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಅದು ಕಿರ್ ಎಂದರೆ ಸಾಕು, ಆಳುಗಳು ಹಾರೆ ಬಿಸಾಡಿ ಹೊರಗೆ ಓಡುತ್ತಿದ್ದರು. ಈಗ ಅದರ ಬುಡ ಕೊಳೆತಿತ್ತು, ಮೇಲೆ ಮನೆಯೊಂದು ಎದ್ದಿತ್ತು. ಕಂಬ ಎಷ್ಟು ನರಳಿದರೂ ಅಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.

ಕೊನೆಗೆ ಅದು ತನ್ನ ತಲೆಯ ಮೇಲಿನ ಮಣ್ಣಿನಲ್ಲಿ ಮೂಡಿದ್ದ ಬಿರುಕೊಂದನ್ನು ಕರೆದು, "ಅಯ್ಯಾ, ನನ್ನ ಕೈಲಿ ಇನ್ನಾಗದು. ಮೇಲೆ ಹೋಗಿ ಮನೆಯವರಿಗೆ ತಿಳಿಸು" ಎಂದಿತು.

ಬಿರುಕು ನೆಲ ಸೀಳಿಕೊಂಡು ಹತ್ತಿ, ನಡುಮನೆಯ ಗೋಡೆಯಲ್ಲಿ ಅಗಲವಾಗಿ ಬಾಯಿ ತೆರೆಯಿತು. ಕೆಲವು ದಿನ ಬಿಟ್ಟು ಸೋತು ಇಳಿದು ಬಂತು.

"ಅವರು ನಿನ್ನನ್ನು ನೋಡಲಿಲ್ಲವೆ?"

"ನೋಡಿದರು. ಸಿಮೆಂಟು ಮೆತ್ತಿದರು. ನಾನು ಮತ್ತೆ ಬಾಯಿ ಬಿಟ್ಟೆ. ನಾಳೆ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರಂತೆ. ಬಂದವರ ಕಣ್ಣಿಗೆ ಬೀಳಬಾರದೆಂದು ಮನೆಯೊಡತಿ ಮುನಿರತ್ನಮ್ಮ ನನ್ನ ಮೇಲೆ ಕ್ಯಾಲೆಂಡರ್ ತೂಗುಹಾಕಿದಳು."

ಮರುದಿನ ಮೇಲೆ ಹೆಜ್ಜೆಗಳ ಸದ್ದಾಯಿತು. ಓಡುತ್ತಿದ್ದಾರೆಂದು ಕಂಬಕ್ಕೆ ಆಸೆ ಹುಟ್ಟಿತು. ಹೆಜ್ಜೆಗಳು ಒಳಗೆ ಬಂದು ಕೂತವು. ಇವರು ಎದ್ದು ಹೋಗುವವರೆಗಾದರೂ ನಿಲ್ಲಬೇಕೆಂದು ಅದು ಹಲ್ಲು ಕಚ್ಚಿತು.

ಬಿರುಕಿನೊಳಗಿಂದ ಮುನಿರತ್ನಮ್ಮನ ದನಿ ಇಳಿದು ಬಂತು: "ಅಷ್ಟು ದೂರದಿಂದ ಬಂದಿದ್ದೀರಿ. ಊಟ ಮಾಡಿಕೊಂಡೇ ಹೋಗಬೇಕು."

ಕಂಬ ಅಷ್ಟು ಹೊತ್ತು ನಿಲ್ಲಲಿಲ್ಲ.