ಹಗ್ಗದ ಮೇಲಿನ ಕೈ

ಹೊದಿಕೆ ಒದೀಬೇಡ, ಸುಮ್ನೆ ಮಲಕ್ಕೊಂಡು ಕೇಳು. ಒಂದಾನೊಂದು ಕಾಲದಲ್ಲಿ, ಕಡಲ ದಂಡೇಲಿ ದೀಪದ ಕಂಬ ಇನ್ನೂ ಎದ್ದಿರದ ಕಾಲದಲ್ಲಿ, ಮಾಸ್ತಮ್ಮ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಕಡಲಲ್ಲೇ ಹೋಗಿದ್ದ, ಅವನ ಹಾಯಿಹಡಗು ಮಾತ್ರ ವಾಪಸ್ ಬಂದಿತ್ತು. ಅವಳಿಗೆ ಮೂರು ಗಂಡುಮಕ್ಕಳಂತೆ. ದೊಡ್ಡೋನು ದುಗ್ಗ, ನಡುವಿನೋನು ಬೈರ, ಕಿರಿಯೋನು ಜಟ್ಟಿ.

ಮಕ್ಕಳು ದೊಡ್ಡೋರಾದ್ರು, ಅಪ್ಪನ ಹಡಗಿಗೆ ತೆಂಗಿನಕಾಯಿ ತುಂಬ್ಕೊಂಡು ದೂರದ ದೇಶಕ್ಕೆ ಹೊರಟ್ರಂತೆ. ಅವ್ವ ದಂಡೆಗೆ ಬಂದು, ಮೂವರು ಹೋಗ್ತಿದೀರಿ, ಮೂವರೂ ಬನ್ನಿ, ನನಗೆ ಬೇರೇನೂ ಬೇಡ ಅಂದಳಂತೆ. ಆಮೇಲೆ ಆ ಮನೆತನದ ಕಟ್ಟಳೆ ನೆನಪು ಮಾಡಿದಳಂತೆ. ಲಂಗರು ಬಿಟ್ಟ ಮೇಲೆ ಗಂಜಿ ಬೆಂದು, ಉಂಡು, ಕೈ ತೊಳೆಯೋ ತನಕ ಒಬ್ಬನ ಕೈ ಲಂಗರಿನ ಹಗ್ಗದ ಮೇಲಿರಬೇಕು. ಹಗ್ಗ ನಡುಗಿದ್ರೆ ಲಂಗರು ಜಾರ್ತಾ ಇದೆ ಅಂತ. ಹಗ್ಗ ಹಿಡಿದೋನು ಕೈ ಎತ್ತೋ ಹಾಗಿಲ್ಲ, ಅವನ ಬಾಯಿಗೆ ತುತ್ತು ಉಳಿದೋರು ಇಡಬೇಕು.

ಹೋಗ್ತಾ ಹೋಗ್ತಾ ಸುಣ್ಣಕಲ್ಲಿನ ದ್ವೀಪಗಳು ಸಿಕ್ಕಿದ್ವಂತೆ. ನೀರಿಂದ ನೆಟ್ಟಗೆ ಎದ್ದ ಬೆಳ್ಳನೆ ಗುಡ್ಡಗಳು. ಬುಡಾನ ಕಡಲು ತಿಂದೂ ತಿಂದೂ ಒಳಗೆ ಗವಿ ಆಗಿ, ಮೇಲೆ ಬಂಡೆ ಮನೆ ಸೂರಿನ ಹಾಗೆ ಚಾಚಿತ್ತಂತೆ. ಮೊದಲನೇ ದ್ವೀಪದ ಹತ್ರ ದುಗ್ಗ ಹಗ್ಗ ಹಿಡಿದ, ತಮ್ಮಂದಿರು ತುತ್ತಿಟ್ರು. ಹಗ್ಗ ನಡುಗ್ತು, ಲಂಗರು ಎತ್ತಿ ಮುಂದೆ ಹೋದ್ರು. ಎರಡನೇದ್ರಲ್ಲಿ ಬೈರ ಹಿಡಿದ, ಅವನಿಗೂ ತುತ್ತಿಟ್ರು. ಅಲ್ಲೂ ನಡುಗ್ತು, ಅಲ್ಲಿಂದಲೂ ಹೊರಟ್ರು.

ಆಮೇಲೆ ಮೂರನೇದು ಬಂತಂತೆ. ಸುತ್ತಲೂ ಗುಡ್ಡ, ಗಾಳಿ ಇಲ್ಲ, ಅಲೆ ಇಲ್ಲ, ಬಟ್ಟಲಲ್ಲಿಟ್ಟ ಹಾಲಿನ ಹಾಗೆ ನೀರು. ಈ ಸಲ ಜಟ್ಟಿ ಹಗ್ಗ ಹಿಡಿದು ಕೂತ. ಅಣ್ಣಂದಿರು ಅಂಜಲ್ ಮೀನಿನ ಸಾರು ಮಾಡಿ ಉಣ್ಣೋಕೆ ಕೂತ್ರು. ಜಟ್ಟಿ, ಅಣ್ಣಾ ಒಂದು ತುತ್ತು ಕೊಡೋ ಅಂದ. ಇಂಥ ನೀರಲ್ಲಿ ಹಗ್ಗಕ್ಕೆ ಕೈ ಯಾಕೋ, ಬೇಕಾದ್ರೆ ಎದ್ದು ಬಂದು ತಿನ್ನು ಅಂದ್ರಂತೆ. ಅಣ್ಣಾ, ಹಗ್ಗ ಸಣ್ಣಗೆ ನಡುಗ್ತಾ ಇದೆ ಅಂದ. ಹಗ್ಗ ಅಲ್ವೋ, ಹಸಿವಿಗೆ ನಿನ್ನ ಕೈ ನಡುಗ್ತಾ ಇದೆ ಅಂತ ಇಬ್ಬರೂ ನಕ್ರಂತೆ. ಇರಬಹುದು ಅಂತ ಜಟ್ಟಿಗೂ ಅನ್ನಿಸ್ತು. ಹಾಳು ಹೊಟ್ಟೆ ಮಗಾ ಅದು, ಯಾರ ಮಾತು ಕೇಳುತ್ತೆ? ಕೈ ಬಿಟ್ಟು ಎದ್ದು ಹೋಗಿ ಉಂಡ.

ಉಂಡೋರಿಗೆ ನಿದ್ದೆ ಬಂತು. ಮಟಮಟ ಮಧ್ಯಾಹ್ನ, ಅಣ್ಣಂದಿರು ತಂಪು ಅಂತ ಹಡಗಿನ ಹೊಟ್ಟೆಯೊಳಗೆ ಮಲಗಿ ತಲೆ ಮೇಲಿನ ಬಾಗಿಲು ಎಳಕೊಂಡ್ರು, ಜಟ್ಟಿ ಹೊರಗೆ ಹಲಗೆ ಮೇಲೆ ಮಲಗಿದ. ಲಂಗರು ನುಣ್ಣನೆ ಕಲ್ಲಿನ ಮೇಲೆ ಜಾರ್ತಾ ಜಾರ್ತಾ, ಹಡಗು ಹೋಗಿ ಆ ಬಂಡೆ ಸೂರಿನ ಕೆಳಗೆ ಸೇರ್ತಂತೆ. ಹಾಯಿಕಂಬ ಬಂಡೆಗೆ ಸಿಕ್ಕೊಳ್ತು. ಭರತದ ನೀರು ಏರ್ತು, ಹಡಗಿಗೆ ಏರೋಕೆ ಆಗಲಿಲ್ಲ, ವಾಲ್ಕೊಂಡು ಮುಳುಗತೊಡಗ್ತು. ಕಿವಿಗೆ ನೀರು ತಾಗಿ ಜಟ್ಟಿ ಎದ್ದಾಗ, ವಾಲಿದ ಕಡೆ ಇದ್ದ ಬಾಗಿಲ ಮೇಲೆ ಆಗಲೇ ಮೊಣಕಾಲುದ್ದ ನೀರು. ಎಳೆದ, ಒದ್ದ, ಉಗುರು ಕಿತ್ತುಬಂತು, ಬಾಗಿಲು ಬರಲಿಲ್ಲ. ಒಳಗಿಂದ ಬಡೀತಾ ಇದ್ರಂತೆ. ಆಮೇಲೆ ಬಡಿಯೋದು ನಿಂತುಹೋಯ್ತಂತೆ.

ಈಜಿ ಬಂಡೆ ಹಿಡಿದು ಉಳಿದಿದ್ದ ಜಟ್ಟೀನ ಯಾರದೋ ಹಡಗಿನೋರು ಊರಿಗೆ ತಂದುಬಿಟ್ರು. ಮಾಸ್ತಮ್ಮ ದಂಡೇಲಿ ನಿಂತಿದ್ದಳು. ಒಬ್ಬನೇ ಇಳಿದಿದ್ದು ನೋಡಿದಳು. ಅಳಲಿಲ್ಲ, ಹಗ್ಗದ ಮೇಲೆ ಯಾರ ಕೈ ಇತ್ತು ಅಂದಳಂತೆ. ನಂದೇ ಅವ್ವ, ಹಸಿವಾಯ್ತು, ಬಿಟ್ಟೆ ಅಂದ. ಅವಳು, ತುತ್ತು ಯಾರೂ ಇಡಲಿಲ್ವಾ ಮಗನೇ ಅಂದಳಂತೆ. ಸತ್ತ ಅಣ್ಣಂದಿರ ಮೇಲೆ ದೂರು ಹೇಳೋಕೆ ಅವನಿಗೆ ಬಾಯಿ ಬರಲಿಲ್ಲ. ಅವಳಿಗೆ ಗೊತ್ತಾಗಿಹೋಯ್ತು. ಮನೆಗೆ ಕರಕೊಂಡು ಹೋಗಿ, ಗಂಜಿ ಕಲಸಿ, ಆ ದೊಡ್ಡ ಗಂಡಸಿನ ಬಾಯಿಗೆ ತನ್ನ ಕೈಯಾರೆ ತುತ್ತಿಟ್ಟಳಂತೆ. ಆಗ ಇಬ್ಬರೂ ಅತ್ರಂತೆ.

ಆಮೇಲೆ ಜಟ್ಟಿಗೆ ಮದುವೆ ಆಯ್ತು, ಮಕ್ಕಳಾದ್ವು, ಚೆನ್ನಾಗೇ ಇದ್ರು. ಆದ್ರೆ ಆ ಮನೇಲಿ ಇವತ್ತಿಗೂ ಕೈ ಬಿಡುವಿಲ್ಲದೋರ ಬಾಯಿಗೆ ಮೊದಲ ತುತ್ತು ಇಡದೆ ಯಾರೂ ಉಣ್ಣಲ್ವಂತೆ. ಕತೆ ಲಂಗರು ಹಾಕ್ತು, ಮುಗೀತು. ನಿನ್ನ ತೊಟ್ಟಿಲ ಹಗ್ಗ ನನ್ನ ಕೈಯಲ್ಲಿದೆ, ಮಲಕ್ಕೋ.