ನಾಲ್ಕನೇ ಮೆಟ್ಟಿಲಿನ ಮತ

ನದಿ ಕೆಂಪಗೆ ಏರುತ್ತಿತ್ತು. ನಡುಗಡ್ಡೆಯ ಮೇಲೆ ಕುರಿ ಕಾಯುವ ಹನುಮವ್ವ ಇಬ್ಬರು ಮಕ್ಕಳನ್ನು ಅವುಚಿಕೊಂಡು ಕೂಗುತ್ತಿದ್ದಳು.

ಆಶ್ರಮದಲ್ಲಿ ಇದ್ದದ್ದು ಒಂದೇ ಹರಿಗೋಲು. ನೆರೆಯಲ್ಲಿ ಅದನ್ನು ಇಳಿಸಬೇಕೋ ಬೇಡವೋ ಎಂದು ಐವರು ಶಿಷ್ಯರು ಮತ ಹೇಳಬೇಕು. ಒಬ್ಬನ ಮತ ಬೀಳದೆ ಸಮವಾದರೆ ಮಾತ್ರ ಗುರುಗಳ ಮತ. ಅದು ಅಲ್ಲಿನ ಕಟ್ಟಳೆ.

ಇಬ್ಬರು ಹೂಂ ಅಂದರು. ಇಬ್ಬರು ಬೇಡ ಅಂದರು. ಉಳಿದವನು ಈರಣ್ಣ.

"ಸ್ನಾನಘಟ್ಟದ ನಾಲ್ಕನೇ ಮೆಟ್ಟಿಲು ಕಂಡರೆ ಹೂಂ. ಮುಳುಗಿದ್ದರೆ ಬೇಡ," ಅಂದ ಈರಣ್ಣ, ಎದೆ ಉಬ್ಬಿಸಿ. "ನಿಮ್ಮ ಹಾಗೆ ಕಣ್ಣು ಮುಚ್ಚಿಕೊಂಡು ಹೇಳುವವನಲ್ಲ ನಾನು."

ಮತ ಎಣಿಸುವ ಕೆಲಸ ಚನ್ನವೀರನದು. ಓಡಿಹೋಗಿ ನೋಡಿ ಬಂದ.

"ಮೆಟ್ಟಿಲು ಕಂಡಿತು. ಹೂಂ ಮೂರು!"

"ತಡಿಯೋ," ದಡದಿಂದ ತಿಪ್ಪಯ್ಯ ಕೂಗಿದ. ಅವನು ಬೇಡ ಅಂದವನು. "ಈಗ ಮುಳುಗಿತು, ಬಂದು ನೋಡು!"

ಚನ್ನವೀರ ಮತ್ತೆ ಓಡಿದ. ಅಷ್ಟರಲ್ಲಿ ಅಲೆ ಹಿಂದೆ ಸರಿದು ಮೆಟ್ಟಿಲು ಮತ್ತೆ ಕಂಡಿತು. ಮತ್ತೆ ಮುಳುಗಿತು.

"ನಿನ್ನ ಮನೆ ಹಾಳಾಗ, ಈರಣ್ಣ! ಯಾವ ಹೊತ್ತಿನ ನೀರು ಹಿಡಿಯಲಿ? ನೀನು ಹೇಳಿದಾಗಿನದೋ, ನಾನು ಎಣಿಸುವಾಗಿನದೋ, ಹರಿಗೋಲು ಇಳಿಸುವಾಗಿನದೋ?"

"ಅದು ಎಣಿಸುವವನ ತಲೆನೋವು. ನನ್ನ ಮತದಲ್ಲಿ ತಪ್ಪಿದ್ದರೆ ತೋರಿಸು."

ನಡುಗಡ್ಡೆಯಲ್ಲಿ ನೀರು ಹನುಮವ್ವನ ಮೊಣಕಾಲಿಗೆ ಬಂತು. ಚಿಕ್ಕ ಮಗುವನ್ನು ಹೆಗಲಿಗೆ ಏರಿಸಿದಳು.

ಗುರುಗಳು ಎದ್ದು ಬಂದರು. ಮುಖ ಕೆಂಡವಾಗಿತ್ತು.

"ಈರಣ್ಣ, ಮೆಟ್ಟಿಲು ಬಿಡು. ಆ ತಾಯಿಯನ್ನು ನೋಡಿ ಹೇಳು. ಹೋಗಬೇಕೋ, ಬೇಡವೋ?"

ಈರಣ್ಣ ಮೆಟ್ಟಿಲ ಕಡೆಗೇ ನೋಡಿದ.

"ಇವನದನ್ನು ಬಿಟ್ಟು ಎಣಿಸು," ಗುರುಗಳು ಚನ್ನವೀರನಿಗೆ ಗದರಿದರು. "ಇವನು ಮಾತಾಡಿಲ್ಲ, ನದಿ ಮಾತಾಡಿದೆ. ನದಿ ನಮ್ಮ ಪಂಕ್ತಿಯಲ್ಲಿ ಕೂತು ಉಣ್ಣುವುದಿಲ್ಲ. ಎಷ್ಟಾಯಿತು?"

"ಎರಡು, ಎರಡು. ಸಮ, ಗುರುಗಳೇ."

ಗುರುಗಳು ಪಂಚೆ ಎತ್ತಿ ಕಟ್ಟಿದರು. ಹರಿಗೋಲನ್ನು ನೀರಿಗೆ ನೂಕಿ, ತಾವೇ ಹತ್ತಿ ಹುಟ್ಟು ಹಿಡಿದರು.

ಈರಣ್ಣ ದಡದಗುಂಟ ಓಡಿದ.

"ಗುರುಗಳೇ! ನೀರು ಇನ್ನೂ ಏರಿದರೆ?"

"ಏರಿದರೆ ಮುಳುಗುತ್ತೇನೆ. ಮುಳುಗಿದವನು ಹೂಂ ಅಂದಿದ್ದ ಅಂತ ಎಣಿಸಿಕೊಳ್ಳಿ!"