ಅಪ್ಪ-ಅಮ್ಮಂದಿರಿಗೆ ಪರೀಕ್ಷೆ ಬಿಡಿಸಿ ಹೇಳಿದ ಜವರ

ಹತ್ತಿರ ಬನ್ನಿ, ಇನ್ನೂ ಹತ್ತಿರ. ಇದು ಜೋರಾಗಿ ಹೇಳೋ ಸುದ್ದಿ ಅಲ್ಲ. ನಾನು ಹೇಳ್ದೆ ಅಂತ ಹೊಂಬಾಳಮ್ಮನಿಗೆ ಗೊತ್ತಾದ್ರೆ ನನ್ನ ಜುಟ್ಟು ಅವಳ ಕೈಲಿರುತ್ತೆ.

ಹೊಂಬಾಳಮ್ಮನಿಗೆ ಒಬ್ಬನೇ ಮಗ, ಜವರ. ಮೂವತ್ತೈದು ವರ್ಷ, ಇಷ್ಟುದ್ದ ಮೀಸೆ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ. ಹಾಲು ಉಕ್ಕೋದನ್ನ ನೋಡ್ತಿರು ಅಂದ್ರೆ, ಉಕ್ಕಿ ಒಲೆ ಆರೋವರೆಗೂ ನೋಡ್ತಾ ಕೂತಿದ್ದ! "ನಾನು ಕಣ್ಮುಚ್ಚಿದ್ಮೇಲೆ ನಿನ್ನ ಗತಿ ಏನ್ಲಾ?" ಅಂತ ಅವಳು ಅಳೋಳು. ಕಡೆಗೆ ಹೆಡ್‌ಮೇಡಂ ಸುಲೋಚನಮ್ಮನ ಕಾಲು ಹಿಡಿದು, ಊರ ಸ್ಕೂಲಲ್ಲಿ ಗಂಟೆ ಹೊಡೆಯೋ ಕೆಲಸ ಕೊಡಿಸಿದ್ಲು. ಕೆಲಸ ಕಾಯಂ ಅಲ್ಲ, ಇವತ್ತಿದ್ರೆ ನಾಳೆ ಇಲ್ಲ.

ಆ ವರ್ಷ ಐದನೇ ಕ್ಲಾಸಿಗೆ ಹೊಸ ಪರೀಕ್ಷೆ ಬಂತು. ಎಲ್ಲಾ ಊರಿಗೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ. ಒಂದೊಂದು ಪ್ರಶ್ನೆಗೂ ನಾಲ್ಕು ಸೊನ್ನೆ, ಸರಿಯಾದ ಒಂದಕ್ಕೆ ಮಸಿ ತುಂಬಬೇಕು. ಊರವರಿಗೆ ಭಯವೋ ಭಯ. ಫೇಲಾದ್ರೆ ಸ್ಕೂಲಿಂದ ಓಡಿಸ್ತಾರಂತೆ ಅಂತ ಯಾರೋ ಕೊಳಾಯಿ ಹತ್ತಿರ ಅಂದ್ರು. ಯಾರು ಅಂತ ಕೇಳಬೇಡಿ.

ಮೇಡಂ ಜವರನ್ನ ಕರೆದ್ರು. "ನೋಡು ಜವರಯ್ಯ, ನಲವತ್ತೆರಡು ಮಕ್ಕಳಿದ್ದಾರೆ. ಅಪ್ಪ-ಅಮ್ಮಂದಿರಿಗೆ ಈ ಪರೀಕ್ಷೆ ಏನು ಅಂತ ತಿಳೀಬೇಕು. ಸೋಮವಾರ ಮಕ್ಕಳು ಬರಲಿಲ್ಲ ಅಂದ್ರೆ ನಿನ್ನ ಕೆಲಸ ಉಳಿಸೋಕೆ ನನ್ನ ಕೈಲಾಗಲ್ಲ. ಈ ಕಾಗದದಲ್ಲಿರೋ ಒಂದಕ್ಷರನೂ ಬಿಡದೆ ಓದಿ ಹೇಳು!"

ಹೋದ. ಕುಂಬಾರ ಶಿವಲಿಂಗನ ಮನೆ ಮುಂದೆ ನಿಂತು ಶುರು ಮಾಡಿದ. ಕಾಗದದ ನಂಬರು ಓದಿದ. ತಾರೀಕು ಓದಿದ. "ಉಲ್ಲೇಖ ಒಂದು, ಉಲ್ಲೇಖ ಎರಡು" ಓದಿದ. "ಪ್ರತಿ, ಕಚೇರಿ ಕಡತಕ್ಕೆ" ಅಂತಾನೂ ಓದಿದ. ಕೆಳಗಿದ್ದ ಗುಂಡು ಮೊಹರನ್ನ ಓದೋಕೆ ಕಾಗದ ತಿರುಗಿಸ್ತಾ ತಿರುಗಿಸ್ತಾ ತಾನೂ ಒಂದು ಸುತ್ತು ತಿರುಗಿದ! ಶಿವಲಿಂಗ ಹೆಂಡತಿಗೆ ಹೇಳಿದ: "ಜಪ್ತಿ ಮಾಡೋಕೆ ಬಂದವ್ನೆ ಕಣೇ, ಬಾಗಿಲು ಹಾಕು!"

ಮೇಡಂ ತಲೆ ಚಚ್ಚಿಕೊಂಡ್ರು. "ಕಾಗದದ ಭಾಷೆ ಯಾರಿಗೆ ಅರ್ಥವಾಗುತ್ತೆ? ಎದುರಿಗಿರೋರು ಏನು ಕೆಲಸ ಮಾಡ್ತಾರೆ ನೋಡು. ಅವರ ಕೆಲಸಕ್ಕೆ ಹೋಲಿಸಿ ಹೇಳು!"

"ಆಗಲಿ ಮೇಡಮ್ಮೋರೇ!"

ಹೋದ. ಎದುರಿಗೆ ಕಲ್ಲಂಗಡಿ ಮಾರೋ ದ್ಯಾವಣ್ಣ. ಅವನ ಅವಳಿ ಹೆಣ್ಣುಮಕ್ಕಳಿಬ್ಬರೂ ಐದನೇ ಕ್ಲಾಸು.

"ದ್ಯಾವಣ್ಣ, ಗಿರಾಕಿ ಬಂದ್ರೆ ಹಣ್ಣು ಚೆನ್ನಾಗಿದೆಯೋ ಇಲ್ವೋ ಹೆಂಗೆ ತೋರಿಸ್ತೀಯ?"

"ಚಾಕು ಹಾಕಿ ಒಂದು ತುಂಡು ತೆಗೆದು, ಒಳಗೆ ಕೆಂಪಗದೆ ಅಂತ ತೋರಿಸ್ತೀನಿ."

"ಹಂಗೇ! ಸೋಮವಾರ ನಿನ್ನ ಮಕ್ಕಳಿಗೂ ಹಂಗೇ ಮಾಡ್ತಾರೆ!"

ಅಯ್ಯೋ, ದ್ಯಾವಣ್ಣ ಹಣ್ಣಿನ ಗಾಡಿ ಅಲ್ಲೇ ಬಿಟ್ಟು ಓಡಿದ! ಮಕ್ಕಳನ್ನ ಸ್ಕೂಲಿಂದ ಎಳ್ಕೊಂಡು ಬಂದು ಅಟ್ಟಕ್ಕೆ ಹತ್ತಿಸಿ, ಏಣಿ ತೆಗೆದುಬಿಟ್ಟ. ಸಂಜೆ ಹೊತ್ತಿಗೆ ಹನ್ನೊಂದು ಮನೇಲಿ ಮಕ್ಕಳು ಅಟ್ಟದ ಮೇಲೆ.

"ಹೆದರಿಸ್ತೀಯಲ್ಲೋ!" ಅಂದ್ರು ಮೇಡಂ. "ಹೋಲಿಕೆ ಗೀಲಿಕೆ ಏನೂ ಬೇಡ. ನಗುನಗ್ತಾ ಎರಡೇ ಮಾತು ಹೇಳು. ಇದರಲ್ಲಿ ಪಾಸಿಲ್ಲ, ಫೇಲಿಲ್ಲ, ಯಾರೂ ಹೆದರಬೇಡಿ. ಅಷ್ಟೇ!"

"ಆಗಲಿ ಮೇಡಮ್ಮೋರೇ!"

ಹೋದ. ಹೋಗಿ ಹೋಗಿ ಪುಟ್ಟತಾಯಮ್ಮನ ಮನೆಗೇ ಹೋದ. ಅವಳ ಕಿರೀ ಮಗಳು ಐದನೇ ಕ್ಲಾಸು ಸರಿ, ಆದ್ರೆ ಅವತ್ತು ದೊಡ್ಡ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬಂದಿದ್ರು. ಹುಡುಗ ಬಿ.ಎ. ಮಾಡಿದಾನೆ ಅಂತ ಬಾಯ್ತುಂಬ ಹೇಳ್ಕೊಂಡು, ಕೇಸರಿಬಾತು ತಿಂತಾ ಕೂತಿದ್ರು. ಜವರ ಹುಡುಗನ ಮುಂದೆ ನಿಂತು, ಹಲ್ಲು ಕಿರಿದು, "ಪಾಸಿಲ್ಲ, ಫೇಲಿಲ್ಲ, ಯಾರೂ ಹೆದರಬೇಡಿ!" ಅಂದ.

ಹುಡುಗನ ಕೈಲಿದ್ದ ತಟ್ಟೆ ಕೆಳಗೆ ಬಿತ್ತು. ಅವನ ತಾಯಿ ಎದ್ದು ನಿಂತ್ಲು. "ಯಾರು ಹೇಳಿದ್ರು ನಿಂಗೆ? ನನ್ನ ಮಗ ಫೇಲು ಅಂತ ಯಾರು ಹೇಳಿದ್ರು? ಎಸ್ಸೆಲ್ಸಿ ಮೂರು ಸಲ ತಾನೆ, ನಾಲ್ಕನೇ ಸಲ ಕಟ್ತಾವ್ನೆ!"

ಮುಗೀತು! ಪುಟ್ಟತಾಯಮ್ಮ ಮಿಕ್ಕ ಕೇಸರಿಬಾತನ್ನ ಒಳಗೆ ತಗೊಂಡು ಹೋದ್ಲು. ನಾನು ಕಿಟಕಿ ಪಕ್ಕ ಸುಮ್ನೆ ಸೊಪ್ಪು ಬಿಡಿಸ್ತಿದ್ದೆ, ಕಿವಿಗೆ ಬಿತ್ತು ಅಷ್ಟೆ.

ಅವತ್ತು ಹೊಂಬಾಳಮ್ಮ ಸೊಂಟ ಹಿಡ್ಕೊಂಡು ಸ್ಕೂಲಿಗೇ ಬಂದ್ಲು. "ತಾಯೀ, ಇನ್ನೊಂದೇ ಒಂದು ಸಲ ನೋಡಿ. ಅವನಿಗೆ ಕೆಟ್ಟದ್ದು ಮಾಡೋಕೆ ಬರಲ್ಲ. ಒಳ್ಳೇದು ಮಾಡೋಕೂ ಬರಲ್ಲ, ಏನು ಮಾಡಲಿ!" ಅವಳ ಕಣ್ಣೀರು ನೋಡಿ ಮೇಡಂ ಮೆತ್ತಗಾದ್ರು.

"ಜವರಯ್ಯ, ಇನ್ಮೇಲೆ ಬಾಯೇ ತೆಗೀಬೇಡ. ಶನಿವಾರ ಅಪ್ಪ-ಅಮ್ಮಂದಿರ ಸಭೆ. ಅವರಿಗೇ ಮಾದರಿ ಪತ್ರಿಕೆ ಕೊಟ್ಟು ಬರೆಸೋಣ. ಪರೀಕ್ಷೆ ದಿನ ಹೆಂಗಿರುತ್ತೋ ಹಂಗೇ ನಡೀಬೇಕು. ಹತ್ತಕ್ಕೆ ಬಾಗಿಲು ಹಾಕು, ಹನ್ನೆರಡರವರೆಗೂ ತೆಗೀಬೇಡ. ಮಾತಿಲ್ಲ, ಕಾಪಿ ಇಲ್ಲ!"

ಸರಿ. ಹತ್ತು ಹೊಡೀತು, ಬಾಗಿಲು ಹಾಕಿದ. ಹತ್ತಾಗಿ ಐದು ನಿಮಿಷಕ್ಕೆ ಮೇಡಂ ಬಂದ್ರು. ಜವರ ಕಿಟಕೀಲಿ ಬಾಯಿ ಮೇಲೆ ಬೆರಳಿಟ್ಟು ತೋರಿಸಿದ. ಹನ್ನೆರಡರವರೆಗೂ ಹೆಡ್‌ಮೇಡಂ ಜಗುಲಿ ಮೇಲೆ!

ಒಳಗೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಚಿಕ್ಕ ಬೆಂಚಲ್ಲಿ ದೊಡ್ಡ ಮಂಡಿ ಸಿಕ್ಕಾಕ್ಕೊಂಡು ಒಬ್ಬೊಬ್ಬರೂ ಬೆವರ್ತಿದ್ರು. ಮಗನಿಗೆ ಬುತ್ತಿ ತಂದಿದ್ದ ಹೊಂಬಾಳಮ್ಮನನ್ನೂ ಕೂರಿಸಿಬಿಟ್ಟಿದ್ದ, ಅವಳೂ ಅಮ್ಮನೇ ತಾನೆ! ಅವಳ ಹೆಸರು ಅವನೇ ಬರೆದ. ಸೊನ್ನೆ ಅವಳೇ ತುಂಬಿದ್ಲು, ರಂಗೋಲಿಗೆ ಬಣ್ಣ ತುಂಬಿದ ಹಾಗೆ.

ಹನ್ನೆರಡಕ್ಕೆ ಬಾಗಿಲು ತೆಗೆದಾಗ ದ್ಯಾವಣ್ಣ ಮೊದಲು ಹೊರಗೆ ಬಂದ. "ಇಷ್ಟೇನಾ! ಗೊತ್ತಿದ್ರೆ ಮಸಿ ಹಾಕೋದು, ಗೊತ್ತಿಲ್ಲದಿದ್ರೆ ಮೇಷ್ಟ್ರು ಅದನ್ನ ಇನ್ನೊಂದ್ಸಲ ಹೇಳ್ಕೊಡೋದು, ಹಾಳೆ ಮೇಲೇ ಬರೆದವ್ರೆ! ಇದಕ್ಕಾ ನಾನು ಮಕ್ಕಳನ್ನ ಅಟ್ಟ ಹತ್ತಿಸಿದ್ದು?"

ಸೋಮವಾರ ನಲವತ್ತೆರಡಕ್ಕೆ ನಲವತ್ತೆರಡೂ ಮಕ್ಕಳು ಬಂದ್ವು. ಜವರನ ಕೆಲಸ ಉಳೀತು. ಹೊಂಬಾಳಮ್ಮ ಊರಿಗೆಲ್ಲ ಬೆಲ್ಲ ಹಂಚಿದ್ಲು. ನನಗೆ ಮಾತ್ರ ಚೂರೇ ಚೂರು ಕೊಟ್ಲು, ಇರಲಿ.

ಪರೀಕ್ಷೆ ಮುಗಿದಾಗ ಮೇಡಂ ಹೇಳಿದ್ರು: "ಬರೆದ ಹಾಳೆ ಒಂದೂ ಬಿಡದೆ ಕಟ್ಟಿ ಜೀಪಿಗೆ ಹಾಕು." ಜವರ ಒಂದೂ ಬಿಡಲಿಲ್ಲ. ಶನಿವಾರದ ಅಪ್ಪ-ಅಮ್ಮಂದಿರ ಹಾಳೇನೂ ಸೇರಿಸಿ ಕಟ್ಟಿದ!

ತಿಂಗಳಾದ ಮೇಲೆ ಮೇಲಿನ ಆಫೀಸಿಂದ ಫಲಿತಾಂಶ ಬಂತು. ಹೆಸರಿಗೊಂದು ಲಕೋಟೆ, ಕಮ್ಮಿ ಬಂದವರ ಕಟ್ಟು ಬೇರೆ. ಮೇಡಂಗೆ ಅವಸರ, ಬಿಚ್ಚಿ ನೋಡಲಿಲ್ಲ. "ಜವರಯ್ಯ, ಇವು ಕಮ್ಮಿ ಬಂದವರದ್ದು. ಅವರವರ ಅಪ್ಪ-ಅಮ್ಮನ ಹತ್ತಿರಾನೇ ಹೋಗು, ಬೇರೆಯವರ ಕೈಗೆ ಕೊಡಬೇಡ. ಪಕ್ಕ ಕೂತು ಸಮಾಧಾನವಾಗಿ ಬಿಡಿಸಿ ಹೇಳು. ಸಹಿ ಹಾಕಿಸ್ಕೊಳ್ಳದೆ ಎದ್ದು ಬರಬೇಡ!"

"ಆಗಲಿ ಮೇಡಮ್ಮೋರೇ!"

ಬೆಳಿಗ್ಗೆ ಹೋದವನು ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಹೊಂಬಾಳಮ್ಮ ಊರೆಲ್ಲ ಹುಡುಕಿದ್ಲು. ನಾನೂ ಹಿಂದೇನೇ ಹೋದೆ, ಪಾಪ ಒಬ್ಬಳೇ ಹೋಗ್ತಾಳಲ್ಲ ಅಂತ. ಕಡೆಗೆ ಯಾರೋ ಊರಾಚೆ ಕೈ ತೋರಿಸಿದ್ರು, ಅಲ್ಲವ್ನೆ ನೋಡು ಅಂತ.

ಎಲ್ಲಿ ಅಂತೀರಾ? ಸ್ಮಶಾನದಲ್ಲಿ! ಮಣ್ಣಾಗಿ ಮೂವತ್ತು ವರ್ಷ ಆಗಿರೋ ಹೊಂಬಾಳಮ್ಮನ ಅಪ್ಪನ ಗುಡ್ಡೆ ಪಕ್ಕ ಚಕ್ಕಂಬಕ್ಕಳ ಹಾಕ್ಕೊಂಡು ಕೂತಿದ್ದಾನೆ. ಗುಡ್ಡೆ ಮೇಲೆ ಲಕೋಟೆ, ಲಕೋಟೆ ಮೇಲೆ ಪೆನ್ನು.

"ಏನ್ಲಾ ಮಾಡ್ತಿದ್ದೀಯ ಇಲ್ಲಿ!" ಅಂತ ಅವಳು ಕಿರುಚಿದ್ಲು.

ಜವರ ಗಾಬರಿಯಿಂದ ಎದ್ದು ಬಂದು ಅವಳ ಕೈ ಹಿಡ್ಕೊಂಡ. ತಗ್ಗಿದ ದನೀಲಿ ಹೇಳಿದ:

"ಅಮ್ಮಾ, ನಿಂಗೆ ಇಪ್ಪತ್ತಕ್ಕೆ ಮೂರೇ ಬಂದದೆ. ತಾತಂಗೆ ಎಲ್ಲಾ ಬಿಡಿಸಿ ಹೇಳಿವ್ನಿ. ಕೇಳಿದಾಗಿಂದ ಮಾತೇ ಆಡ್ತಿಲ್ಲ, ಬಲು ಬೇಜಾರಾದಂಗದೆ. ಸಹಿ ಹಾಕೋವರೆಗೂ ನೀನು ಎದುರಿಗೆ ನಿಲ್ಲಬೇಡ, ಹೊಡೆದುಗಿಡೆದಾನು!"